ಒಂಟಿ ಚಪ್ಪಲಿ

ಶಾಲೆಯಲ್ಲಿ ಒಂದನೇ ತರಗತಿಯ ಪ್ರತಿಯೊಂದು ಮಗುವಿನ ಕೈಗೂ ಗೊಂಬೆಯ ಒಂದು ಕೆಂಪು ಚಪ್ಪಲಿ ಕೊಟ್ಟು ಮನೆಗೆ ಕಳಿಸಿದರು. ಒಂದೇ ಚಪ್ಪಲಿ. ಗೊಂಬೆ ಅಂಗಡಿಯಲ್ಲಿತ್ತು, ಪೆಟ್ಟಿಗೆಯೊಳಗೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ತೊಟ್ಟುಕೊಂಡು.

ಚಪ್ಪಲಿಗೆ ಬಣ್ಣದ ದಾರದಿಂದ ಒಂದು ಚೀಟಿ ಕಟ್ಟಿದ್ದರು. ಸಣಕಲಿಯೆಂದು ಮನೆಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದ ಹುಡುಗಿ ಅದನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬೆರಳಿಟ್ಟು ಓದಿದಳು. "ನ-ನ್ನ ಇನ್ನೊಂ-ದು ಚಪ್ಪಲಿ ನಿ-ನ್ನ ಹತ್ತಿರ ಇದೆ. ನಾನು ಬರಿಗಾಲಲ್ಲಿ ಕಾಯ್ತಾ ಇದೀನಿ."

ಯಾರ ಸಹಾಯವೂ ಇಲ್ಲದೆ ಅವಳು ಪೂರ್ತಿ ಓದಿದ ಮೊದಲ ಮಾತು ಅದು. ಅಜ್ಜಿ ಆಲೂಗೆಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಏನು ಓದಿದ್ದೆಂದು ಅವಳಿಗೆ ಆಮೇಲೆ ಹೊಳೆಯಿತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದಂಗಾಯ್ತು," ಎಂದಳು. "ಗೊಂಬೆ ಎಲ್ಲೋ, ಚಪ್ಪಲಿ ಎಲ್ಲೋ."

"ಅಂಗಡೀಲಿದಾಳೆ ಅಜ್ಜಿ. ಅಮ್ಮನ ಅಂಗಡೀಲಿ."

ಹೌದು, ಅಮ್ಮನ ಅಂಗಡಿಯಲ್ಲೇ. ಊರಿನ ದೊಡ್ಡ ಆಟಿಕೆ ಅಂಗಡಿಯ ಎರಡನೇ ಮಹಡಿಯಲ್ಲಿ ತಾಯಿಗೆ ಕೆಲಸ. ಹಳದಿ ಏಪ್ರನ್ ಹಾಕಿಕೊಂಡು ನಿಲ್ಲಬೇಕು. ಮಕ್ಕಳು ಬಂದಾಗ ಆಟಿಕೆ ತೋರಿಸಬೇಕು. ಸೇರಿದ ಮೊದಲ ದಿನವೇ ಸೂಪರ್‌ವೈಸರ್ ತೋರಿಸುವ ಕ್ರಮ ಕಲಿಸಿದ್ದ. ಅಂಗಡಿಯ ಕೆಲಸದ ಹುಡುಗಿಯರೆಲ್ಲ ಬೆನ್ನ ಹಿಂದೆ ಅವನನ್ನು ಟೈ ಮಾಮ ಅನ್ನುತ್ತಿದ್ದರು. ಬೇಸಿಗೆಯಲ್ಲೂ ಅವನ ಟೈ ಸಡಿಲಾದದ್ದನ್ನು ಯಾರೂ ಕಂಡಿರಲಿಲ್ಲ.

"ಮೊದಲು ಮಂಡಿಯೂರು. ಮಗುವಿನ ಕಣ್ಣಿನ ಮಟ್ಟಕ್ಕೆ ಬಾ. ಸಾಮಾನನ್ನ ಮಗುವಿನ ಕೈಗೆ ಕೊಡು, ಅಪ್ಪ ಅಮ್ಮನ ಕೈಗೆ ಅಲ್ಲ. ಕೊಟ್ಟ ತಕ್ಷಣ ಎದ್ದು ನಿಲ್ಲು, ಎರಡೂ ಕೈ ಬೆನ್ನ ಹಿಂದೆ ಕಟ್ಕೋ. ಏನೇ ಆದ್ರೂ ನೀನು ವಾಪಸ್ ಇಸ್ಕೋಬಾರದು. ಮಗುವಿನ ಕೈಯಿಂದ ಕಿತ್ಕೊಳ್ಳೋದು ಹೆತ್ತವರ ಕೆಲಸ. ನಮ್ಮದಲ್ಲ."

ಅಷ್ಟೇ ವಿದ್ಯೆ. ಕಿತ್ತುಕೊಳ್ಳಲಾರದವರು ಬಿಲ್ಲು ಮಾಡಿಸುತ್ತಿದ್ದರು. ಕಿತ್ತುಕೊಂಡವರು ಅಳುವ ಮಗುವನ್ನು ಎಳೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಮಗು ಬೈಯುತ್ತಿದ್ದದ್ದು ಅಪ್ಪ ಅಮ್ಮನನ್ನು. ಹಳದಿ ಏಪ್ರನ್‌ನ ಅಕ್ಕನಿಗೆ ಟಾಟಾ ಮಾಡಿ ಹೋಗುತ್ತಿತ್ತು.

ತಂದೆ ಸಿಟಿ ಬಸ್ಸಿನ ಡ್ರೈವರ್. ಅವತ್ತು ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಾಗ ಚಪ್ಪಲಿ ಅವನ ತಟ್ಟೆಯ ಪಕ್ಕದಲ್ಲಿತ್ತು. ಹೆಬ್ಬೆರಳ ಉಗುರಿನಷ್ಟು.

"ಇದೇನು?"

"ಗೊಂಬೇದು," ಅಂದಳು ತಾಯಿ. "ಶಾಲೇಲಿ ಕೊಟ್ಟಿದಾರೆ. ಹೊಸ ಮಾಲು, ನಿನ್ನೆ ತಾನೇ ಪೆಟ್ಟಿಗೆ ಬಿಚ್ಚಿದ್ವಿ."

"ಎಷ್ಟು?"

ತಾಯಿ ಹೇಳಿದಳು. ತಂದೆಗೆ ಬೇಳೆ ನೆತ್ತಿಗೇರಿತು.

"ಅರ್ಧ ತಿಂಗಳ ದಿನಸಿ ಬರುತ್ತಲ್ಲೇ ಅದಕ್ಕೆ! ಗೊಂಬೆ ಊಟ ಮಾಡುತ್ತಾ? ಪಾತ್ರೆ ತೊಳೆಯುತ್ತಾ?"

"ನನ್ನನ್ನ ಯಾಕ್ರೀ ಕೇಳ್ತೀರಿ, ನಾನೇನು ರೇಟು ಹಾಕಿದ್ದಾ?"

"ಮಾರೋಳು ನೀನಲ್ವಾ?"

"ನಾನು ಮಾರಲ್ಲ. ತೋರಿಸ್ತೀನಿ."

ಅಜ್ಜಿ ಅನ್ನದ ಪಾತ್ರೆ ಕೆರೆಯುತ್ತ ನಕ್ಕಳು. "ಮಗೂನ ಚಿವುಟೋದೂ ನೀನೇ, ತೊಟ್ಟಿಲು ತೂಗೋದೂ ನೀನೇ. ಒಳ್ಳೆ ಕೆಲಸ ಬಿಡು."

"ಅತ್ತೆ, ಆ ತೊಟ್ಟಿಲಿನ ದುಡ್ಡಲ್ಲೇ ಈ ಅನ್ನ ಬೆಂದಿರೋದು."

ಕಡ್ಡಿ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಗೊಂಬೆ ಕೊಡಿಸಿ ಅಂತಲೂ ಅವಳು ಕೇಳಲಿಲ್ಲ. ಬೇರೆಯೇ ಒಂದು ಮಾತು ಕೇಳಿದಳು: "ಅಮ್ಮ, ಅಂಗಡಿ ನೆಲ ತಣ್ಣಗಿರುತ್ತಾ?"

"ಯಾಕೆ?"

"ಅವಳ ಒಂದು ಕಾಲು ಬರಿಗಾಲಲ್ವಾ."

ಮೂವರೂ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಹಟ ಮಾಡಿದ್ದರೆ ಬೈಯಬಹುದಿತ್ತು.

ಮರುದಿನ ಬೆಳಗ್ಗೆ ಕಡ್ಡಿ ಒಂದೇ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೊರಟಳು. ಎಡಗಾಲಿನದು ಗೂಡಿನಲ್ಲೇ ಇತ್ತು.

"ಇನ್ನೊಂದು ಎಲ್ಲೇ?"

"ಬೇಡ. ಅವಳು ಹಾಕ್ಕೊಂಡಾಗ ನಾನೂ ಹಾಕ್ಕೋತೀನಿ."

ತಂದೆ ಗದರಿದ. ಅಜ್ಜಿ ಬೆಲ್ಲ ಕೊಡ್ತೀನಿ ಅಂದಳು. ತಾಯಿ ಬಲವಂತದಿಂದ ತೊಡಿಸಿದಳು. ಬೀದಿಯ ತಿರುವಿನಲ್ಲಿ ಕಡ್ಡಿ ಅದನ್ನು ಕಳಚಿ ಚೀಲದೊಳಗೆ, ಊಟದ ಡಬ್ಬಿಯ ಪಕ್ಕಕ್ಕೆ, ಇಟ್ಟುಕೊಂಡಳು. ಸಂಜೆ ಬಂದಾಗ ಅಂಗಾಲಲ್ಲಿ ಗಾಜಿನ ಚೂರು ಚುಚ್ಚಿಕೊಂಡಿತ್ತು. ಅಜ್ಜಿ ಕಣ್ಣು ಕಾಣದೆ ಸೂಜಿಯನ್ನು ಸೊಸೆಯ ಕೈಗೆ ಕೊಟ್ಟಳು. ಕಡ್ಡಿ ಕಿರುಚಿದಳು, ಅತ್ತಳು, ಆದರೆ ಚಪ್ಪಲಿಯ ಮಾತಿಗೆ ಬಂದರೆ ಜಗ್ಗಲಿಲ್ಲ. ತರಗತಿಯಲ್ಲಿ ಆಗಲೇ ಮೂರು ಮಕ್ಕಳ ಮನೆಗೆ ಗೊಂಬೆ ಬಂದಿತ್ತಂತೆ. ಉಳಿದವರಿಗೆ ಒಂಟಿ ಚಪ್ಪಲಿ ಎಂದು ಹೆಸರಿಟ್ಟಿದ್ದರಂತೆ.

"ನೀನೇನಂದೆ?"

"ನಾನು ನಿಜವಾಗ್ಲೂ ಒಂಟಿ ಚಪ್ಪಲಿನೇ ಅಂದೆ."

ಮರುದಿನ ತಾಯಿ ಅಂಗಡಿಗೆ ಒಂದು ಗಂಟೆ ತಡವಾಗಿ ಬರುತ್ತೇನೆಂದು ಹೇಳಿ ಶಾಲೆಗೆ ಹೋದಳು. ಗೇಟಿನ ಹತ್ತಿರ ಅವಳಂಥವರೇ ಒಂದಷ್ಟು ಜನ ನಿಂತಿದ್ದರು.

"ನಮ್ಮನೇಲಿ ಹಾಲು ಬಿಟ್ಟಿದಾನೆ ರೀ. ಗೊಂಬೆ ಬಂದ ಮೇಲೇ ಕುಡಿಯೋದಂತೆ," ಎಂದಳು ಬ್ಯೂಟಿ ಪಾರ್ಲರ್‌ನವಳು.

"ಕೊಡಿಸಿಬಿಡಿ, ಪೀಡೆ ತೊಲಗುತ್ತೆ. ನಾನು ಕೊಡಿಸ್ದೆ," ಅಂದ ಔಷಧಿ ಅಂಗಡಿಯವನು. "ಈಗ ಅದಕ್ಕೆ ಮಂಚ ಬೇಕಂತೆ."

"ನಾವು ಟೀವಿನೇ ಮುಚ್ಚಿಟ್ವಿ ಸ್ವಾಮಿ. ಶಾಲೆ ಮುಚ್ಚಿಡೋಕಾಗುತ್ತಾ?" ಅಂದ ಪ್ಲಂಬರ್.

ಎಲ್ಲರೂ ನಕ್ಕರು. ಒಳಗೆ ಹೋಗಿ ಮಾತಾಡೋಣ ಬನ್ನಿ ಎಂದು ತಾಯಿ ಕರೆದಾಗ ಒಬ್ಬರಿಗೆ ಅಂಗಡಿ ತೆಗೆಯುವ ಹೊತ್ತಾಗಿತ್ತು, ಒಬ್ಬರ ಸ್ಕೂಟರ್ ದಾರಿಗೆ ಅಡ್ಡ ನಿಂತಿತ್ತು. ತಾಯಿ ಒಬ್ಬಳೇ ಹೋದಳು.

ಟೀಚರ್ ಕೂರಿಸಿ ಮಾತಾಡಿದಳು. ತಲೆಯ ಮೇಲೆ ಹೊಸ ಫ್ಯಾನು ತಿರುಗುತ್ತಿತ್ತು. ಅದರ ಮೂರು ರೆಕ್ಕೆಗಳ ಮೇಲೂ ಗೊಂಬೆ ಕಂಪನಿಯ ಗುರುತು.

"ಫ್ಯಾನು ಹಾಕಿಸಿಕೊಟ್ಟಿದಾರೆ, ಗೋಡೆಗೆ ಬಣ್ಣ ಹೊಡಿಸಿದಾರೆ. ಹೆಡ್‌ಮಾಸ್ಟರು ಹಂಚಿ ಅಂದ್ರು, ಹಂಚಿದೆ. ನನ್ನ ಕೈಲೇನಿದೆ ಹೇಳಿ?"

"ಮಕ್ಕಳ ಕೈಗೆ ಕೊಡೋ ಬದಲು ನಮ್ಮ ಕೈಗೆ ಕೊಡಬಹುದಿತ್ತಲ್ಲ ಮೇಡಂ. ಬೇಕಾದ್ರೆ ನಾವು ಕೊಡ್ತಿದ್ವಿ, ಬೇಡ ಅಂದ್ರೆ ಬಿಸಾಕ್ತಿದ್ವಿ."

ಟೀಚರ್ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ನೀವು ಆ ಅಂಗಡಿ ಎರಡನೇ ಮಹಡಿಯವರಲ್ವಾ? ಹಳದಿ ಏಪ್ರನ್? ಹೋದ ವರ್ಷ ನನ್ನ ಮಗನ ಕೈಗೆ ರೋಬೋಟ್ ಕೊಟ್ಟವರು ನೀವೇ. ನನ್ನ ಕೈಗಲ್ಲ. ಅವನ ಕೈಗೆ."

ತಾಯಿ ಎದ್ದು ಬಂದಳು. ಆ ವಾರ ಮತ್ತೆ ಶಾಲೆಯ ಮಾತು ಎತ್ತಲಿಲ್ಲ.

ಮುಂದಿನ ವಾರ ಡಿಪೋದಲ್ಲಿ ತಂದೆಯ ಬಸ್ಸಿಗೆ ಗೊಂಬೆ ಬಂತು. ಪೂರ್ತಿ ಬಸ್ಸಿಗೆ ಸುತ್ತಿದ ದೊಡ್ಡ ಚಿತ್ರ: ಕಿಟಕಿಗಳ ಮೇಲೆಲ್ಲ ಹಳದಿ ಲಂಗ, ಹಿಂದುಗಡೆ ತಲೆ, ಮುಂದಿನ ಬಾಗಿಲ ಹತ್ತಿರ ಕಾಲು. ಬರಿಗಾಲು ಸರಿಯಾಗಿ ಚಕ್ರದ ಮೇಲೆ. ತಂದೆ ಮೇಸ್ತ್ರಿಯ ಹತ್ತಿರ ಬೇರೆ ಬಸ್ಸು ಕೇಳಿದ. ಮೇಸ್ತ್ರಿ, "ನಿನಗೇನಪ್ಪ, ನೀನು ಒಳಗೆ ಕೂರ್ತೀಯ. ನಿನಗೆ ಕಾಣಲ್ಲ," ಎಂದ.

ಕಡ್ಡಿಗೆ ಕಂಡಿತು. ಸಂಜೆ ಅಜ್ಜಿಯ ಜೊತೆ ಬ್ರೆಡ್ಡು ತರಲು ಹೋದಾಗ ಬಸ್ ಸ್ಟಾಪಿನಲ್ಲಿ ನಿಂತು ಕೂಗಿದಳು: "ಅಪ್ಪ! ಗುಂಡಿ ಇರೋ ಕಡೆ ಓಡಿಸ್ಬೇಡ! ಅವಳ ಕಾಲು ತರಚುತ್ತೆ!"

ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಂಡಕ್ಟರು, "ಕೇಳಿಸ್ತಾ ಗುರುವೇ, ಮೇಲಧಿಕಾರಿ ಆರ್ಡರು," ಎಂದ. ತಂದೆ ನಗಲಿಲ್ಲ. ಆದರೆ ಆ ರಸ್ತೆಯ ಗುಂಡಿಗಳನ್ನು ಅವತ್ತಿನಿಂದ ತಪ್ಪಿಸಿಯೇ ಓಡಿಸತೊಡಗಿದ.

ಅಜ್ಜಿ ಸುಮ್ಮನೆ ಕೂರುವವಳಲ್ಲ. ಹಳೆಯ ಹಾಸಿಗೆ ಬಟ್ಟೆ ಹರಿದು, ಹತ್ತಿ ತುರುಕಿ, ಕೈಯಂದಾಜಿನಲ್ಲೇ ಒಂದು ಗೊಂಬೆ ಹೊಲಿದಳು. ಅಂಗಿಗೆ ತಾನು ಹೊಲಿಗೆ ಕಾರ್ಖಾನೆಯಲ್ಲಿದ್ದ ಕಾಲದ ಗುಂಡಿಗಳು, ಎರಡು ಕಾಲಿಗೂ ಕೆಂಪು ಬಟ್ಟೆಯ ಚಪ್ಪಲಿ.

ಕಡ್ಡಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಿಟಕಿಯ ಮೇಲೆ ಕೂರಿಸಿದಳು.

"ಯಾಕೇ, ಚೆನ್ನಾಗಿಲ್ವಾ?"

"ಚೆನ್ನಾಗಿದಾಳೆ ಅಜ್ಜಿ. ಎರಡೂ ಚಪ್ಪಲಿ ಇದೆ. ಇವಳಿಗೆ ಏನೂ ಕಷ್ಟ ಇಲ್ಲ." ಎಂದವಳೇ ಮತ್ತೆ ತನ್ನ ಒಂಟಿ ಕೆಂಪು ಚಪ್ಪಲಿಯನ್ನು ಒರೆಸುತ್ತ ಕೂತಳು.

ಅಜ್ಜಿ ಸೂಜಿದಾರದ ಡಬ್ಬಿ ಮುಚ್ಚಿದಳು. "ನಮ್ಮ ಕಾಲದಲ್ಲಿ ಮಕ್ಕಳಿಗೆ ಆಸೆ ತೋರಿಸ್ತಿದ್ರು," ಎಂದಳು ಸೊಸೆಗೆ. "ಈಗ ಕರುಣೆಗೇ ಗಾಳ ಹಾಕ್ತಾರಲ್ಲೇ. ಆಸೆ ಪಟ್ರೆ ಒಂದು ಬಾರಿಸಬಹುದು. ಕನಿಕರ ಪಟ್ಟಿದ್ದಕ್ಕೆ ಹೊಡೀತೀಯಾ?"

ತಾಯಿ ಪಾತ್ರೆ ಉಜ್ಜಿದಳು.

ಹೀಗಿರುವಾಗ ಒಂದು ದಿನ ತಾಯಿ ಊಟದ ಡಬ್ಬಿ ಮರೆತು ಹೋದಳು. ಶಾಲೆಗೆ ರಜೆಯಿತ್ತು, ಅಜ್ಜಿ ಕಡ್ಡಿಯನ್ನು ಕರೆದುಕೊಂಡು ಡಬ್ಬಿ ಕೊಡಲು ಅಂಗಡಿಗೆ ಬಂದಳು. ಅದೇ ತಪ್ಪಾಯಿತು. ಅಜ್ಜಿ ಮೆಟ್ಟಿಲು ಹತ್ತಿ ಏದುಸಿರು ಬಿಡುವಷ್ಟರಲ್ಲಿ ಕಡ್ಡಿ ಗೊಂಬೆಗಳ ಗೋಡೆಯ ಮುಂದೆ ನಿಂತಿದ್ದಳು. ಒಂದರ ಮೇಲೊಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಯ ಪಾರದರ್ಶಕ ಮುಖದ ಹಿಂದೆ ಒಂದು ಬರಿಗಾಲು. ಜೇಬಿನಿಂದ ಚಪ್ಪಲಿ ತೆಗೆದು ಅವಳು ಒಂದೊಂದು ಪೆಟ್ಟಿಗೆಗೂ ಒತ್ತಿ ಹಿಡಿದು, "ನಿಂದಾ? ನಿಂದಾ?" ಎಂದು ಕೇಳುತ್ತ ಹೋದಳು. ಸುತ್ತಲಿನ ಮಕ್ಕಳು ನೋಡಿದರು. ಒಬ್ಬ ತನ್ನ ಜೇಬು ತಡಕಿದ. ಇನ್ನೊಬ್ಬಳು ಅಮ್ಮನ ಸೆರಗು ಎಳೆದಳು. ಹತ್ತು ನಿಮಿಷದಲ್ಲಿ ಬಿಲ್ಲಿನ ಕೌಂಟರಿಗೆ ಸಾಲು ನಿಂತಿತು.

ಟೈ ಮಾಮ ಕಂಬದ ಪಕ್ಕದಲ್ಲಿ ನಿಂತು ಎಲ್ಲ ನೋಡಿದ. "ಯಾರ ಮಗು ಇದು?"

"ನಂದೇ ಸಾರ್. ಈಗಲೇ ಕಳಿಸ್ತೀನಿ."

"ಕಳಿಸ್ಬೇಡ. ಭಾನುವಾರ ಕರ್ಕೊಂಡು ಬಾ."

ಭಾನುವಾರ ಗೊಂಬೆಯ ವಿಶೇಷ ಮಾರಾಟ. ಕಡ್ಡಿಗೆ ಗೊಂಬೆಯದೇ ಥರದ ಹಳದಿ ಲಂಗ ತೊಡಿಸಿ ಆ ಮಹಡಿಯ ಬಾಗಿಲ ಎದುರು ಮೇಜಿನ ಹಿಂದೆ ಕೂರಿಸುವುದು, ಒಂದು ಗೊಂಬೆ ಕೈಗೆ ಕೊಡುವುದು, ಅವಳು ಆಡಿಕೊಂಡಿರುವುದು. ಅಷ್ಟೇ.

"ಸಂಜೆ ಆ ಗೊಂಬೆ ಅವಳಿಗೇ ಕೊಟ್ಟುಬಿಡೋಣ. ಪೆಟ್ಟಿಗೆ ಬಿಚ್ಚಿದ ಮಾಲು, ಇನ್ಯಾರಿಗೆ ಬೇಕು?"

"ಕೊಡ್ತೀರಾ ಸಾರ್?"

"ಕೊಡೋಣ ಅಂದ್ನಲ್ಲ."

ಅಂದು ಮನೆಯಲ್ಲಿ ಅನ್ನ ಆರಿ ತಣ್ಣಗಾದರೂ ಜಗಳ ಮುಗಿಯಲಿಲ್ಲ.

"ಮಗೂನ ಅಂಗಡಿ ಮುಂದೆ ಕಟ್ಟಿಹಾಕ್ತೀಯಾ? ನಮ್ಮಂಥ ಇನ್ನೂ ನೂರು ಮನೇಲಿ ಬೆಂಕಿ ಹಚ್ಚೋಕೆ ನಮ್ಮ ಮಗಳೇ ಬೆಂಕಿಕಡ್ಡಿನಾ?"

"ನೀವು ದಿನಾ ಆ ಗೊಂಬೆ ಹೊಟ್ಟೆಯೊಳಗೆ ಕೂತು ಊರೆಲ್ಲ ಮೆರವಣಿಗೆ ಮಾಡ್ತೀರಲ್ಲ, ಅದು?"

"ಅದು ನನ್ನ ಡ್ಯೂಟಿ!"

"ನಂದೇನು, ಹವ್ಯಾಸನಾ?"

ತಂದೆ ತಟ್ಟೆ ತಳ್ಳಿದ. ತಾಯಿ ಬಿಡಲಿಲ್ಲ. "ಕೊಂಡು ಕೊಡೋಕೆ ನಿಮ್ಮ ಕೈಲಾಗುತ್ತಾ? ಇಲ್ಲ. ಬೇಡ ಅಂತ ಅವಳನ್ನ ಒಪ್ಪಿಸೋಕಾಗುತ್ತಾ? ಅದೂ ಇಲ್ಲ. ಅಂಗಾಲು ಕೀವು ಕಟ್ಟಿದೆ, ನೋಡಿದೀರಾ? ಒಂದು ಭಾನುವಾರ. ಒಂದು ಭಾನುವಾರ ಕೂತು ಬಂದ್ರೆ ಎಲ್ಲಾ ಮುಗಿಯುತ್ತೆ."

"ಮೂಗಿಗೆ ತುಪ್ಪ ಸವರಿದಾನೆ ಕಣೇ ನಿನ್ನ ಟೈ ಮಾಮ," ಅಂದಳು ಅಜ್ಜಿ. "ವಾಸನೆ ಬರುತ್ತೆ, ನಾಲಿಗೆಗೆ ಸಿಗಲ್ಲ."

"ಹಾಗಾದ್ರೆ ಬೇರೆ ದಾರಿ ಹೇಳಿ ಅತ್ತೆ."

ಅಜ್ಜಿಯ ಹತ್ತಿರ ಗಾದೆ ಇತ್ತು. ದಾರಿ ಇರಲಿಲ್ಲ.

ಕಡ್ಡಿ ಬಾಗಿಲ ಹಿಂದಿನಿಂದ ಬಂದು ತಂದೆಯ ತೊಡೆಗೆ ಒರಗಿದಳು. "ಅಪ್ಪ, ಭಾನುವಾರ ಅವಳಿಗೆ ಚಪ್ಪಲಿ ಹಾಕಿದ ಮೇಲೆ ನಾನೂ ಹಾಕ್ಕೋತೀನಿ. ನನ್ನ ಇನ್ನೊಂದು ಚಪ್ಪಲಿ ನೀನೇ ತರ್ತೀಯಾ?"

ತಂದೆ ಅವಳ ತಲೆ ಸವರಿ, "ಹ್ಞೂಂ, ತರ್ತೀನಿ," ಎಂದ.

ಭಾನುವಾರ ಹಳದಿ ಲಂಗ ಅವಳಿಗೆ ದೊಡ್ಡದಾಯಿತು. ಹಿಂದೆ ಪಿನ್ನು ಹಾಕಿದರು. ಟೈ ಮಾಮ ಮಂಡಿಯೂರಿ, ಅವಳ ಕಣ್ಣಿನ ಮಟ್ಟಕ್ಕೆ ಬಂದು, ಗೊಂಬೆಯನ್ನು ಅವಳ ಕೈಗೆ ಕೊಟ್ಟ. ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡ. ಕಡ್ಡಿ ಮೊದಲು ಗೊಂಬೆಯ ಅಂಗಾಲನ್ನು ಸವರಿ ನೋಡಿದಳು. ಆಮೇಲೆ ಜೇಬಿನಿಂದ ಚಪ್ಪಲಿ ತೆಗೆದು ತೊಡಿಸಿದಳು. ಟಕ್ಕೆಂದು ಕೂತಿತು.

"ಆಯ್ತಮ್ಮ," ಎಂದಳು, ದೊಡ್ಡ ಕೆಲಸ ಮುಗಿಸಿದವಳ ಹಾಗೆ.

ಬಾಗಿಲು ತೆಗೆದರು. ಮಕ್ಕಳು ಮೇಜಿಗೆ ಮುತ್ತಿಕೊಂಡರು. ಕಡ್ಡಿ ಒಬ್ಬೊಬ್ಬರಿಗೂ ಅಕ್ಕರೆಯಿಂದ ಹೇಳಿದಳು: "ಇವಳಿಗೆ ಚಪ್ಪಲಿ ಸಿಕ್ಕಾಯ್ತು. ಇನ್ನು ನೀವು ಅಳಬೇಡಿ. ಮನೆಗೆ ಹೋಗಿ."

ತಾಯಿ ಕಂಬದ ಕಡೆ ತಿರುಗಿದಳು. ಈಗ ಟೈ ಮಾಮ ಬೈಯುತ್ತಾನೆ. ಅವನು ಬೈಯಲಿಲ್ಲ. ಮಕ್ಕಳು ಕಡ್ಡಿಯ ಗೊಂಬೆಯ ಎರಡು ಚಪ್ಪಲಿ ನೋಡಿದರು, ತಲೆಯೆತ್ತಿ ಗೋಡೆ ತುಂಬ ಇದ್ದ ಬರಿಗಾಲುಗಳನ್ನು ನೋಡಿದರು. "ನನ್ನೋಳು? ಅಮ್ಮ, ನನ್ನ ಗೊಂಬೆ ಇನ್ನೂ ಬರಿಗಾಲಲ್ಲೇ ಇದಾಳೆ!" ಒಬ್ಬಳು ಶುರು ಮಾಡಿದ್ದನ್ನು ಹತ್ತು ಜನ ಎತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಗೋದಾಮಿನಿಂದ ಇನ್ನೊಂದು ಲೋಡು ತರಿಸಬೇಕಾಯಿತು. ಅಂಗಡಿಯ ಬೇರೆ ಹುಡುಗಿಯರು ಕಣ್ಣರಳಿಸಿ, "ನಿನ್ನ ಮಗಳ ಕೈಗುಣ ಕಣೇ!" ಎಂದರು. ಪಾರ್ಲರ್‌ನವಳು ಮಗನ ಜೊತೆ ಬಂದಳು. ಬಿಲ್ಲು ಹಿಡಿದು ಹೊರಗೆ ಹೋಗುವಾಗ ತಾಯಿಯ ಕಡೆ ನೋಡಲಿಲ್ಲ.

ಸಂಜೆ ದೀಪ ಹಾಕುವ ಹೊತ್ತಿಗೆ ತಂದೆ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದ. ಈ ಅಂಗಡಿಗೆ ಕಾಲಿಡಲ್ಲ ಎಂದಿದ್ದವನು ಮೆಟ್ಟಿಲು ಹತ್ತಿ ಬಂದು ಕಂಬದ ಹತ್ತಿರ ನಿಂತ. ಊಟದ ಚೀಲದೊಳಗೆ ಕೈ ಹಾಕಿ ಕಡ್ಡಿಯ ಎಡಗಾಲಿನ ಚಪ್ಪಲಿ ತೆಗೆದ. ಒರೆಸಿಟ್ಟಿದ್ದ. ಕಡ್ಡಿ ಮೇಜಿನ ಕೆಳಗಿನಿಂದ ಕಾಲು ಚಾಚಿದಳು.

ಆಗ ಟೈ ಮಾಮ ಬಂದ. ಬೆಳಗ್ಗಿನಿಂದ ನಕ್ಕು ನಕ್ಕು ಮುಖ ಬಾಡಿತ್ತು.

"ಭಲೇ ಮರಿ. ಇಂಥ ಭಾನುವಾರ ನಾವು ಕಂಡಿರಲಿಲ್ಲ." ಆಮೇಲೆ ತಾಯಿಯ ಕಡೆ ತಿರುಗಿ ಮೆಲ್ಲಗೆ, "ಆ ಪೀಸ್ ಇಸ್ಕೊಂಡು ನನ್ನ ಕ್ಯಾಬಿನ್‌ಗೆ ತಾ. ನಾಳೆ ಇನ್ನೊಂದು ಬ್ರಾಂಚಲ್ಲಿ ಇದೇ ಥರ ಮಾಡ್ತಾರೆ, ಅಲ್ಲಿಗೆ ಕಳಿಸಬೇಕು," ಎಂದ.

"ಕೊಡೋಣ ಅಂದಿದ್ರಲ್ಲ ಸಾರ್."

"ಅಂದೆ. ಇವತ್ತೇ ಅಂದ್ನಾ? ಮೇಲಿನವರು ಫೋನ್ ಮಾಡಿದಾರೆ, ನಾನೇನು ಮಾಡ್ಲಿ? ಒಂದೇ ಡೆಮೋ ಪೀಸ್ ಅಂತೆ. ನನಗೂ ಮಕ್ಕಳಿದಾರೆ ಕಣಮ್ಮ, ಗೊತ್ತಾಗುತ್ತೆ." ಸ್ವಲ್ಪ ತಡೆದು, ನ್ಯಾಯವಂತನ ಧ್ವನಿಯಲ್ಲಿ ಸೇರಿಸಿದ: "ಚಪ್ಪಲಿ ಅವಳದೇ. ಅದನ್ನ ಬಿಚ್ಚಿ ಅವಳಿಗೇ ಕೊಡು. ಅಲ್ಲಿ ಗೊಂಬೆ ಬರಿಗಾಲಲ್ಲೇ ಇರಬೇಕು."

ಕಡ್ಡಿಗೆ ಎಲ್ಲ ಕೇಳಿಸಿತು. ಅವಳು ಅಳಲಿಲ್ಲ. ಗೊಂಬೆಯ ಎರಡು ಕಾಲುಗಳನ್ನೂ ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಅಮ್ಮನನ್ನೇ ನೋಡಿದಳು.

ಮೆಟ್ಟಿಲ ಹತ್ತಿರ ಇನ್ನೂ ಗಿರಾಕಿಗಳಿದ್ದರು. ಒಂದಿಬ್ಬರು ತಿರುಗಿ ನೋಡುತ್ತಿದ್ದರು. ಟೈ ಮಾಮ ತಾನು ಕೈ ಮುಂದೆ ಮಾಡಲಿಲ್ಲ. ಅವನ ಕೈ ಬೆನ್ನ ಹಿಂದೆಯೇ ಇತ್ತು.

"ಬೇಗ. ಜನ ನೋಡ್ತಿದಾರೆ."

"ನಾವು ಮಗುವಿನ ಕೈಯಿಂದ ಇಸ್ಕೋಬಾರದು ಸಾರ್," ಅಂದಳು ತಾಯಿ. "ನೀವೇ ಹೇಳಿಕೊಟ್ಟಿದ್ದು."

"ಅದು ಗಿರಾಕಿ ಮಕ್ಕಳಿಗೆ! ನೀನು ಇವಳ ತಾಯಿ ಅಲ್ವಾ? ಕಿತ್ಕೊಳ್ಳೋದು ತಾಯಿ ಕೆಲಸ. ತಾಯಿಯಾಗಿ ಇಸ್ಕೋ."

ತಾಯಿ ಗಂಡನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಸಣ್ಣ ಚಪ್ಪಲಿಯನ್ನು ನೋಡುತ್ತಿದ್ದ.

"ನೀವಾದ್ರೂ ಹೇಳಿ ಸ್ವಾಮಿ," ಅಂದ ಟೈ ಮಾಮ ಅವನಿಗೆ. "ನಾಳೆ ಇವಳು ಕೆಲಸಕ್ಕೆ ಬರೋದು ಬೇಡ್ವಾ?"

ತಂದೆ ಮೇಜಿನ ಮುಂದೆ ಬಂದು, ಮಂಡಿಯೂರಿ, ಮಗಳ ಎಡಗಾಲಿಗೆ ಚಪ್ಪಲಿ ತೊಡಿಸಿದ. ಪಟ್ಟಿ ಬಿಗಿಮಾಡಿದ. ಗಾಯ ಇನ್ನೂ ಮಾಗಿರಲಿಲ್ಲ. ಕಡ್ಡಿ ಹಲ್ಲು ಕಚ್ಚಿದಳು.

"ಕೊನೇ ಸಲ ಹೇಳ್ತಿದೀನಿ. ಇಸ್ಕೋ."

"ಆಗಲ್ಲ," ಎಂದಳು ತಾಯಿ. ಒಂದು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ನಿಂತು, ಕಲಿಸಿದ ಹಾಗೆಯೇ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.